ಎರಡನೇ ಮಹಡಿ: ಖಾಲಿ

ಸೆಕ್ಟರ್ ೮, ಆರ್. ಕೆ. ಪುರಂ,
ನವದೆಹಲಿ
೯ ಡಿಸೆಂಬರ್ ೨೦೦೭, ಭಾನುವಾರ

ಪೂಜ್ಯ ಲೀಲಕ್ಕನವರಿಗೆ,

ನಿಮ್ಮ ಸೂರಿ ಮಾಡುವ ನಮಸ್ಕಾರಗಳು. ನಿಮ್ಮ ತಂಗಿ ಇಂದಿರಮ್ಮನವರಿಗೂ ನನ್ನ ನಮಸ್ಕಾರ ತಿಳಿಸಿ. ‘ಉಭಯ ಕುಶಲೋಪರಿ’ ಎಂದು ಶುರು ಮಾಡಬೇಕು, ನಮ್ಮಪ್ಪ ಕಲಿಸಿದ್ದು ಹಾಗೆ. ಆದರೆ ಎರಡು ಕಡೆಯಲ್ಲಿ ಒಂದು ಕಡೆಯ ಕುಶಲವಾದರೂ ನಿಜವಿರಬೇಕಲ್ಲ, ಅದಕ್ಕೇ ಬಿಟ್ಟೆ.

ನೀವು ಅರಸೀಕೆರೆಗೆ ಹೋಗಿ ಎರಡು ತಿಂಗಳಾಯಿತು. ತಲುಪಿದ ವಾರದಲ್ಲೇ ಕಾಗದ ಹಾಕುತ್ತೇನೆ ಎಂದು ಸ್ಟೇಷನ್ನಿನಲ್ಲಿ ಹೇಳಿದವನು ನಾನು. ತಡವಾಯಿತು, ಕ್ಷಮಿಸಿ. ಕಛೇರಿಯ ಕೆಲಸ ಎನ್ನಬಹುದು, ದಿಲ್ಲಿಯ ಚಳಿ ಎನ್ನಬಹುದು, ನೆಪಗಳಿಗೇನು ಬರ. ನಿಜ ಹೇಳಬೇಕೆಂದರೆ ಎರಡು ಸಲ ಇಂದಿರಮ್ಮನವರ ಮನೆಗೆ ಫೋನು ಮಾಡಿದ್ದೆ. ಎರಡು ಸಲವೂ ನೀವೇ ಎತ್ತಿ ‘ಯಾರೂ?’ ಎಂದಿರಿ. ನಾನು ಇಟ್ಟುಬಿಟ್ಟೆ. ಯಾವುದೋ ರಾಂಗ್ ನಂಬರ್ ಅಂದುಕೊಂಡಿರುತ್ತೀರಿ.

ನನ್ನ ತಟ್ಟೆ ನನ್ನ ಕೈ ಸೇರಿದೆ ಎಂದು ಆಗ ಹೇಳಲಿಲ್ಲ, ಈಗ ಹೇಳುತ್ತೇನೆ. ನಮ್ಮ ಕಛೇರಿಯ ಪ್ಯೂನ್ ರಾಮ್‌ಪಾಲನ ಹತ್ತಿರ ಕೊಟ್ಟು ಹೋಗಿದ್ದಿರಲ್ಲ, ಅವನು ಹಳೆಯ ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. ಅಂಚಿನಲ್ಲಿ ‘ಸೂರ್ಯನಾರಾಯಣ, ೧೯೭೯’ ಇನ್ನೂ ಓದಲು ಬರುತ್ತದೆ. ಪಹಾಡ್‌ಗಂಜ್‌ನ ಪಾತ್ರೆ ಅಂಗಡಿ ಭಯ್ಯಾನಿಗೆ ಕನ್ನಡ ಬಾರದು. ನೀವು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಚಿತ್ರ ಬಿಡಿಸಿದ ಹಾಗೆ ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದಾನೆ, ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ. ಒಂದು ತಿಂಗಳು ಬಿಡದೆ ನಿಮ್ಮಲ್ಲಿ ಉಂಡವನಿಗೆ ಹೆಸರಿನ ತಟ್ಟೆ ಎನ್ನುವುದು ನಿಮ್ಮ ಕಾನೂನಾಗಿತ್ತು. ಸುಮಿತ್ರಾ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಅಡುಗೆಮನೆಯ ಗೂಡಿನಲ್ಲಿ ನಿಲ್ಲಿಸಿದ್ದಾಳೆ. ನಾನು ಅದರಲ್ಲಿ ಊಟ ಮಾಡಿಲ್ಲ.

ಸುಮಿತ್ರಾ ನಿಮ್ಮ ಹಾಗೆ ಹುಳಿಪುಡಿ ಮಾಡುತ್ತೇನೆಂದು ಹೊರಟು ಕೊತ್ತಂಬರಿ ಬೀಜ ಸೀಯಿಸಿದಳು. ಒಂದು ವಾರ ಕಹಿ ಹುಳಿ ಉಂಡೆವು. ಅನನ್ಯಾಗೆ ಬಿ.ಕಾಂ. ಕೊನೆಯ ವರ್ಷ. ನಿಮ್ಮ ಜ್ವಾಲಾ ಛೇಂಬರ್ಸ್ ಕೆಡವುತ್ತಿದ್ದಾರೆ ಎಂದು ಹೇಳಿದರೆ, ‘ವೈಸೇ ಭೀ ಅದು ತುಂಬಾ ಗಂದಾ ಇತ್ತಲ್ಲ ಪಪ್ಪಾ, ಆದ್ರೆ ಲೀಲಜ್ಜಿ ಯಾಕೆ ಹೋದ್ರು?’ ಎಂದು ಕೇಳಿದಳು. ಮೊದಲನೆಯದಕ್ಕೂ ಎರಡನೆಯದಕ್ಕೂ ಏನು ಸಂಬಂಧ ಎಂದು ಅವಳಿಗೆ ಗೊತ್ತಿಲ್ಲ. ಅದರೊಳಗೆ ನೀವಿದ್ದಿರಿ ಎಂದೆ. ‘ಹೌದಲ್ಲ’ ಎಂದಳು.

ಗಂದಾ ಇದ್ದದ್ದು ಸುಳ್ಳಲ್ಲ ಬಿಡಿ. ಮೆಟ್ಟಿಲಿನ ಮೂಲೆಮೂಲೆಗೆ ಪಾನಿನ ಉಗುಳು, ಕಿಟಕಿಗಳ ಮೇಲೆ ಪಾರಿವಾಳದ ಹಿಕ್ಕೆ, ಎಮರ್ಜೆನ್ಸಿಯಲ್ಲಿ ನಿಂತ ಲಿಫ್ಟು ಮತ್ತೆ ಅಲುಗಾಡಿರಲಿಲ್ಲ. ಬಾರಾಖಂಬಾ ಕಡೆಯ ಆಟೋದವರಿಗೆ ಜ್ವಾಲಾ ಛೇಂಬರ್ಸ್ ಎಂದರೆ ತಿಳಿಯುತ್ತಿರಲಿಲ್ಲ, ಭೂತ್ ಬಿಲ್ಡಿಂಗ್ ಎಂದರೆ ತಿಳಿಯುತ್ತಿತ್ತು. ನಮ್ಮ ಕಛೇರಿಯಲ್ಲಿ ಹೊಸ ಮೆಟ್ರೋ ಲೈನಿನ ಯೋಜನೆಯನ್ನು ಪರದೆಯ ಮೇಲೆ ತೋರಿಸಿದ ದಿನ ಅದರ ಫೋಟೋ ಬಂದದ್ದೇ ತಡ, ಸಭೆಯಲ್ಲಿದ್ದವರೆಲ್ಲ ನಕ್ಕರು. ಮುಂದಿನ ಚಿತ್ರದಲ್ಲಿ ಅದೇ ಜಾಗದಲ್ಲಿ ಹದಿನಾಲ್ಕು ಮಹಡಿಯ ಗಾಜಿನ ಕಟ್ಟಡ, ಕೆಳಗೆ ಸ್ಟೇಷನ್ನಿನ ಬಾಗಿಲು, ಮುಂದೆ ಗಿಡಗಳು, ನಗುತ್ತಾ ನಡೆಯುವ ಜನ. ಆ ಜನರನ್ನು ಕಂಪ್ಯೂಟರಿನಲ್ಲಿ ಅಂಟಿಸಿದವನು ನಾನೇ. ಫೋಟೋ ನೋಡಿ ನಗುವಾಗ ನಾನೂ ಸ್ವಲ್ಪ ನಕ್ಕೆ ಅಕ್ಕ. ಎರಡನೇ ಮಹಡಿಯ ನಿಮ್ಮ ಕಿಟಕಿಯಲ್ಲಿ ಬಟ್ಟೆಯ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ ಆ ಫೋಟೋದಲ್ಲಿ ಕೆಂಪಗೆ ಕಾಣುತ್ತಿತ್ತು. ನನಗೊಬ್ಬನಿಗೆ ಅದು ಏನೆಂದು ಗೊತ್ತಿತ್ತು.

ಮುಂದಿನದು ನಿಮಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಬರೆಯುತ್ತಾ ಹೋದರೆ ಎಲ್ಲಿ ತಪ್ಪಿತೆಂದು ನನಗಾದರೂ ಕಾಣಬಹುದು.

ಹೋದ ವರ್ಷ ನವೆಂಬರಿನಲ್ಲಿ ಆ ಕಟ್ಟಡದ ಸರ್ವೆಗೆ ನನ್ನನ್ನೇ ಹಾಕಿದರು. ಊರಿಡೀ ಸೀಲಿಂಗ್ ನಡೆಯುತ್ತಿದ್ದ ಕಾಲ. ಅನುಮತಿಯಿಲ್ಲದೆ ನಡೆಸುವ ಅಂಗಡಿಗೆಲ್ಲ ಅರಗು ಹಚ್ಚಿ ಮುದ್ರೆ ಒತ್ತುತ್ತಿದ್ದರು. ಆಫೀಸುಗಳ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡು ಗ್ಯಾಸ್ ಒಲೆ ಇಟ್ಟು ದಿನಕ್ಕೆ ಅರವತ್ತು ಜನಕ್ಕೆ ಅನ್ನ ಹಾಕುವ, ಒಳಕೋಣೆಯಲ್ಲೇ ಮಲಗುವ ಒಬ್ಬ ಹೆಂಗಸು ಎಂದು ನಾನು ಫಾರಮ್ಮಿನಲ್ಲಿ ಬರೆದರೆ, ಮಾರನೆಯ ದಿನವೇ ನಿಮ್ಮ ಬಾಗಿಲಿಗೂ ಅರಗು ಬೀಳುತ್ತಿತ್ತು. ನಾನು ನಿಮ್ಮ ೨೦೭, ೨೦೮ನೇ ಕೋಣೆಗಳ ಮುಂದೆ ನಿಂತು ಪೆನ್ನು ಕಚ್ಚುತ್ತಿದ್ದೆ. ನೀವು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ‘ನನ್ನ ಹೆಸ್ರು ಎಲ್ಲೂ ಬರೀಬೇಡ ಕಣೋ ಸೂರಿ, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳ್ದೆ ಇದ್ದೀನಿ’ ಎಂದಿರಿ. ‘ಉಪಯೋಗ’ ಎನ್ನುವ ಕಾಲಮ್ಮಿನಲ್ಲಿ ನಾನು ‘ಖಾಲಿ’ ಎಂದು ಬರೆದೆ. ಅವತ್ತು ಗಸಗಸೆ ಪಾಯಸವಿತ್ತು, ಎರಡು ಸೌಟು ಹೆಚ್ಚು ಹಾಕಿದಿರಿ. ಇಬ್ಬರೂ ಸರ್ಕಾರದ ಕಣ್ಣಿಗೆ ಮಣ್ಣೆರಚಿದ ಖುಷಿಯಲ್ಲಿದ್ದೆವು.

ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದೆವು. ಜೂನಿನಲ್ಲಿ ಪಟ್ಟಿ ಬಂತು. ಸರ್ವೆಯಲ್ಲಿ ಹೆಸರಿದ್ದವರಿಗೆಲ್ಲ ಸದ್ಯಕ್ಕೆ ಹಿಂದಿನ ಮಾರ್ಕೆಟ್ಟಿನಲ್ಲಿ ಜಾಗ, ಹೊಸ ಕಟ್ಟಡ ಎದ್ದ ಮೇಲೆ ಅದರಲ್ಲೇ ಜಾಗ. ಕೆಳಗಿನ ಫೋಟೋಕಾಪಿಯವನಿಗೆ ಸಿಕ್ಕಿತು, ಟಿಕೆಟ್ ಏಜೆಂಟನಿಗೆ ಸಿಕ್ಕಿತು. ನಾಲ್ಕನೇ ಮಹಡಿಯಲ್ಲಿ ಯಾರೋ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದರಲ್ಲ, ಅದನ್ನು ನಾನು ‘ಗೋಡೌನ್’ ಎಂದು ಬರೆದಿದ್ದೆ, ಆ ಕುರ್ಚಿಗಳಿಗೂ ಜಾಗ ಸಿಕ್ಕಿತು. ೨೦೭, ೨೦೮ರ ಎದುರಿಗೆ ಒಂದು ಅಡ್ಡಗೆರೆ.

ನಿಮ್ಮ ಹತ್ತಿರ ಇದ್ದ ಕಾಗದವೆಂದರೆ ನಿಮ್ಮ ಯಜಮಾನರಾದ ವೆಂಕಟಸುಬ್ಬಯ್ಯನವರ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹೆಸರಿನ ಬಾಡಿಗೆ ಚೀಟಿಗಳು. ಅವರು ತೀರಿಕೊಂಡ ಮೇಲೆ ಟೈಪ್‌ರೈಟರುಗಳನ್ನು ಮಾರಿ ಒಲೆ ಹಚ್ಚಿದ್ದಕ್ಕೆ ನಿಮಗೆ ಚೀಟಿ ಕೊಟ್ಟವರು ಯಾರು? ನಮ್ಮ ಕಛೇರಿಯಲ್ಲಿ ಧಾರಿಣಿ ಎಂದು ಧಾರವಾಡದ ಹುಡುಗಿ ಇದ್ದಾಳಲ್ಲ, ಇಲ್ಲೇ ಪ್ಲಾನಿಂಗ್ ಓದಿ ಕೆಲಸಕ್ಕೆ ಸೇರಿದವಳು, ನೀವು ಜೋಳದ ರೊಟ್ಟಿ ಬಡಿದುಕೊಟ್ಟಾಗ ಅತ್ತವಳು, ಅವಳು ನನ್ನ ಮೇಜಿನ ಹತ್ತಿರ ಬಂದು ಹೇಳಿದಳು: ‘ಸರ, ಸರ್ವೇದಾಗ ತಪ್ಪಾಗೇತಿ ಅಂತ ನೀವೊಂದು ಕಾಗದ ಬರದು ಕೊಟ್ರ ಮುಗೀತ್ರಿ. ಬರದವ್ರು ನೀವ, ತಿದ್ದೋರೂ ನೀವ ಆಗಬೇಕ.’

ಬರೆದೆ. ಮೂರು ಸಲ ಬರೆದೆ. ‘ನಾನು ೨೦೭, ೨೦೮ರಲ್ಲಿ ಊಟದ ಮನೆ ನಡೆಯುತ್ತಿದ್ದುದನ್ನು ಕಂಡಿದ್ದೂ’ ಎಂಬಲ್ಲಿಗೆ ಬಂದರೆ ಕೈ ನಿಲ್ಲುತ್ತದೆ. ಕಂಡೂ ಯಾಕೆ ಬರೆಯಲಿಲ್ಲ ಎಂದು ಕೇಳುತ್ತಾರೆ. ವಿಚಾರಣೆ, ಸಸ್ಪೆಂಡ್. ನಿವೃತ್ತಿಗೆ ಇನ್ನು ಮೂರು ವರ್ಷ, ಇರುವುದು ಸರ್ಕಾರಿ ಕ್ವಾರ್ಟರ್ಸ್, ಅನನ್ಯಾಳ ಓದು ಮುಗಿದಿಲ್ಲ. ಅತ್ತ ದರಿ, ಇತ್ತ ಪುಲಿ. ಮೂರು ಕಾಗದಗಳೂ ಡ್ರಾಯಿಂಗ್ ಮೇಜಿನ ಡ್ರಾಯರಿನಲ್ಲಿವೆ. ಇದನ್ನು ನಿಮಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಇರಲು ಅದಕ್ಕಿಂತ ನಾಚಿಕೆಯಾಗುತ್ತದೆ.

ಆಗಸ್ಟ್ ೨೧ರ ನಿಮ್ಮ ಅಹವಾಲಿನ ದಿನ ನಾನು ಮಾನೇಸರ್ ಕಡೆಯ ಸರ್ವೆಗೆ ಹೋಗಿದ್ದೆ. ನಡೆದದ್ದನ್ನು ಧಾರಿಣಿಯೇ ಹೇಳಿದಳು. ಟಿಪ್ಪಣಿ ಬರೆದುಕೊಳ್ಳಲು ಅವಳು ಡಿಪ್ಟಿ ಸಾಹೇಬರ ಪಕ್ಕದಲ್ಲಿ ಕೂತಿದ್ದಳಂತೆ. ಪುರಾವೆ ಏನಿದೆ ಎಂದು ಅವರು ಕೇಳಿದಾಗ ನೀವು ಎರಡು ಬಟ್ಟೆಚೀಲ ಬಿಚ್ಚಿ ನಲವತ್ತಮೂರು ತಟ್ಟೆಗಳನ್ನು ಮೇಜಿನ ಮೇಲಿಟ್ಟಿರಂತೆ. ಒಂದೊಂದನ್ನೇ ಎತ್ತಿ ಅಂಚಿನ ಮೇಲಿನ ಹೆಸರು, ಇಸವಿ ಓದಿದಿರಂತೆ. ಇವನು ರೈಲ್ವೆಯಲ್ಲಿದ್ದ, ಇವನು ಪರೀಕ್ಷೆ ಪಾಸು ಮಾಡಿ ಕಲೆಕ್ಟರ್ ಆದ, ಇವನಿಗೆ ಹುಳಿ ಆಗದು ಮಜ್ಜಿಗೆ ಬೇಕು. ಸಾಹೇಬರು ಕೆಟ್ಟವರಲ್ಲ ಅಕ್ಕ. ನಿಮಗೆ ಚಹಾ ತರಿಸಿದರು, ಅರ್ಧದಷ್ಟು ಹೆಸರುಗಳನ್ನು ಕೇಳಿಸಿಕೊಂಡರು, ಆಮೇಲೆ ‘ಮಾತಾಜಿ, ಮೇರೇ ಹಾಥ್ ಮೇಂ ಕುಛ್ ನಹೀಂ ಹೈ’, ನನ್ನ ಕೈಯಲ್ಲೇನೂ ಇಲ್ಲ ಎಂದರು. ಮೂವತ್ತು ವರ್ಷ ಊಟ ಹಾಕಿದ ಲೆಕ್ಕ ಫೈಲಿನಲ್ಲಿ ಹಿಡಿಸುವುದಿಲ್ಲ. ತಟ್ಟೆಗೆ ರಬ್ಬರ್ ಸ್ಟ್ಯಾಂಪ್ ಒತ್ತಲು ಬರುವುದಿಲ್ಲ.

ಆದೇಶದ ಕೊನೆಯ ಸಾಲು ಧಾರಿಣಿಗೆ ಇನ್ನೂ ಅರ್ಥವಾಗಿಲ್ಲ. ‘ಸರ್ವೆಯ ದಿನ ಕೋಣೆಗೆ ಬೀಗ ಹಾಕಿತ್ತೆಂದು ಅರ್ಜಿದಾರರೇ ಒಪ್ಪಿರುವುದರಿಂದ’ ಎಂದಿದೆ. ಅಷ್ಟು ಚೆನ್ನಾಗಿ ಮಾತಾಡುತ್ತಿದ್ದವರು ಹಾಗೆ ಯಾಕಂದ್ರು ಸರ, ಎಂದು ಅವಳು ಎಷ್ಟು ಸಲ ಕೇಳಿದ್ದಾಳೋ. ನನಗೇನು ಗೊತ್ತು ಎಂದಿದ್ದೇನೆ.

ಅನನ್ಯಾ ಊಟಕ್ಕೆ ಕರೆಯುತ್ತಿದ್ದಾಳೆ. ಮತ್ತೆ ಬರೆಯುತ್ತೇನೆ.

೧೫ ಡಿಸೆಂಬರ್, ಶನಿವಾರ

ಅಕ್ಕ, ಕಾಗದ ಆರು ದಿನ ಹಾಗೇ ಉಳಿಯಿತು. ಈ ಆರು ದಿನದಲ್ಲಿ ಒಂದು ಸುದ್ದಿ ಹುಟ್ಟಿದೆ. ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬೇರೆಯವರಿಂದ ನಿಮಗೆ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು.

ಲೈನು ಸರಿದಿದೆ. ನೆಲದಡಿಯಲ್ಲಿ ಯಾವುದೋ ಹಳೆಯ ದೊಡ್ಡ ಕೊಳಾಯಿ ಅಡ್ಡ ಬಂತಂತೆ. ಸ್ಟೇಷನ್ನಿನ ಬಾಗಿಲು ಈಗ ಮೂವತ್ತೆರಡು ಮೀಟರ್ ಆಚೆ, ರಸ್ತೆಯ ಆ ಬದಿಗೆ ಬರುತ್ತದೆ. ಹೊಸ ಗೆರೆಯನ್ನು ಗುರುವಾರ ನನ್ನ ಕೈಯಲ್ಲೇ ಎಳೆಸಿದರು. ಎಳೆದು ನೋಡಿದರೆ ಜ್ವಾಲಾ ಛೇಂಬರ್ಸ್‌ನ ಗೋಡೆಗೆ ಕೂಡ ಅದು ತಾಗುವುದಿಲ್ಲ. ಹಾಗಾದರೆ ಕಟ್ಟಡ ಕೆಡವುವುದು ಯಾಕೆ ಎಂದು ಧಾರಿಣಿ ಸಭೆಯಲ್ಲೇ ಎದ್ದು ಕೇಳಿದಳು. ಗಾಜಿನ ಕಟ್ಟಡಕ್ಕೆ ಮಂಜೂರಾತಿ ಆಗಿಹೋಗಿದೆ, ಸ್ಟೇಷನ್ ಇರಲಿ ಇಲ್ಲದಿರಲಿ ಅದು ಏಳುತ್ತದೆ, ಹೇಗಿದ್ದರೂ ಆ ಕಟ್ಟಡ ಯಾರಿಗೆ ಬೇಕಿತ್ತು ಎಂದರು ಮೇಲಿನವರು. ಯಾರಿಗೆ ಬೇಕಿತ್ತೆಂದು ನನಗೆ ಗೊತ್ತಿತ್ತು, ಪೆನ್ಸಿಲು ಚೂಪು ಮಾಡುತ್ತಾ ಕೂತಿದ್ದೆ.

ನಿನ್ನೆ ಮಧ್ಯಾಹ್ನ ಆ ಕಡೆ ಹೋಗಿದ್ದೆ. ಊಟದ ಹೊತ್ತಿಗೆ ಕಾಲು ತಾನಾಗಿಯೇ ಅತ್ತ ಹೋಗುತ್ತದೆ. ಮೇಲಿನ ಎರಡು ಮಹಡಿ ಇಲ್ಲ. ಹಿಂಬದಿಯ ಗೋಡೆಯನ್ನು ಪೂರ್ತಿ ಕಿತ್ತಿದ್ದಾರೆ, ಆದ್ದರಿಂದ ಗಲ್ಲಿಯಲ್ಲಿ ನಿಂತರೆ ಪ್ರತಿ ಕೋಣೆಯೂ ಕಾಣುತ್ತದೆ. ನಿಮ್ಮ ಅಡುಗೆ ಕೋಣೆಯೂ ಕಾಣುತ್ತದೆ. ಒಲೆಯಿದ್ದ ಕಡೆ ಗೋಡೆ ಚಾವಣಿಯವರೆಗೆ ಕಪ್ಪು, ಅದರ ಪಕ್ಕದಲ್ಲಿ ನೀವು ಅರಿಸಿನ ಕುಂಕುಮ ಹಚ್ಚುತ್ತಿದ್ದ ಜಾಗ. ಖಾಲಿ ಕೋಣೆಗೆ ಮೂವತ್ತು ವರ್ಷದ ಮಸಿ ಎಲ್ಲಿಂದ ಬಂತೆಂದು ಬಾರಾಖಂಬಾದಲ್ಲಿ ಓಡಾಡುವ ಸಾವಿರಾರು ಜನರಲ್ಲಿ ಒಬ್ಬನಾದರೂ ಕೇಳುತ್ತಾನೇನೋ ಎಂದು ಅರ್ಧ ಗಂಟೆ ನಿಂತಿದ್ದೆ. ಕಡಲೆಕಾಯಿ ಮಾರುವವನು ಮಾತ್ರ, ಏನು ನೋಡುತ್ತೀರಿ ಸಾಬ್, ಧೂಳು ಕುಡಿಯಬೇಡಿ ಎಂದ.

ನಿಮ್ಮ ಬಾಗಿಲು ಇನ್ನೂ ಇದೆ. ಅದರ ಮುಂದೆ ನಾವೆಲ್ಲ ಚಪ್ಪಲಿ ಬಿಡುತ್ತಿದ್ದ ಜಾಗವೂ ಇದೆ. ಅಲ್ಲಿನ ಚಪ್ಪಲಿಗಳನ್ನು ನೋಡಿಯೇ ಯಾರ್ಯಾರು ಬಂದಿದ್ದಾರೆಂದು ತಿಳಿದು, ಮುಖ ನೋಡುವ ಮೊದಲೇ ಅವರವರ ತಟ್ಟೆ ಹಾಕುತ್ತಿದ್ದಿರಿ. ನನ್ನ ಹಿಮ್ಮಡಿ ನೋವಿಗೆ ಬೂಟು ಬಿಟ್ಟು ಆ ದಪ್ಪ ಚರ್ಮದ ಚಪ್ಪಲಿ ಹಾಕತೊಡಗಿದಾಗ, ‘ಎಮ್ಮೆ ಬಂದ ಹಾಗೆ ಬರ್ತಾನೆ ನಮ್ಮ ಸೂರಿ, ಕಿವುಡರಿಗೂ ಗೊತ್ತಾಗತ್ತೆ’ ಎಂದು ಎಲ್ಲರನ್ನೂ ನಗಿಸಿದ್ದಿರಿ.

ನೀವು ಊರಿಗೆ ಹೊರಟ ದಿನ ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟು, ‘ನಿನ್ ಕೈಲಾಗಿದ್ದು ನೀನು ಮಾಡ್ದೆ, ಮನಸ್ಸಿಗೆ ಹಚ್ಕೋಬೇಡ’ ಎಂದಿರಿ. ಬೈದಿದ್ದರೆ ಚೆನ್ನಾಗಿತ್ತು. ಗಾಡಿ ಹೊರಟ ಮೇಲೂ ನಾನು ಪ್ಲಾಟ್‌ಫಾರ್ಮಿನಲ್ಲೇ ಕೂತಿದ್ದೆ, ಸುಮಿತ್ರಾ ಕೈಹಿಡಿದು ಎಬ್ಬಿಸಿದಳು.

ಅಲ್ಲಿ ಕೈಕಟ್ಟಿಕೊಂಡು ಕೂರಲಾಗದೆ ಇಂದಿರಮ್ಮನವರ ಅಡುಗೆಮನೆಗೆ ನುಗ್ಗುತ್ತೀರೆಂದು ಗೊತ್ತು. ಮಂಡಿ ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಸಂಕ್ರಾಂತಿಗೆ ಸುಮಿತ್ರಾ ಎಳ್ಳು ಕಳಿಸುತ್ತಾಳೆ. ಅನನ್ಯಾಗೆ ಒಳ್ಳೆಯದಾಗಲಿ ಎಂದು ಒಂದು ಸಾಲು ಬರೆಯಿರಿ. ಅವಳಿಗೆ ಕನ್ನಡ ಓದಲು ಬಾರದು, ನಾನು ಓದಿ ಹೇಳುತ್ತೇನೆ. ನನಗೂ ಆಶೀರ್ವಾದ ಬೇಕೆಂದು ಕೇಳುವ ಮೊದಲು ಕೆಳಗಿನದನ್ನು ಓದಿಬಿಡಿ, ಆಮೇಲೆ ಕೊಡುವುದಿದ್ದರೆ ಕೊಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇತಿ ನಿಮ್ಮ ಅನ್ನದ ಋಣದವನು,
ಸೂರಿ
(ಸೂರ್ಯನಾರಾಯಣ)

ಮರೆತು ಕೊನೆಗೆ ಸೇರಿಸುತ್ತಿರುವ ಮಾತಲ್ಲ ಇದು. ಇದನ್ನು ಬರೆಯಲಿಕ್ಕೇ ಇಷ್ಟೆಲ್ಲ ಬರೆದೆ.

ಆಗಸ್ಟ್ ೨೧ರಂದು ನಾನು ಮಾನೇಸರ್‌ಗೆ ಹೋಗಿರಲಿಲ್ಲ. ಹೋಗಬೇಕೆಂದು ಆರ್ಡರಿತ್ತು, ಜೀಪು ತಡವಾಯಿತು. ಸಾಹೇಬರ ಕೋಣೆಗೂ ನಕ್ಷೆಗಳನ್ನು ಇಡುವ ನನ್ನ ಮೂಲೆಗೂ ನಡುವೆ ಇರುವುದು ಒಂದು ಪ್ಲೈವುಡ್ ತಡಿಕೆ. ನಾನು ಅದರ ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ನೀವು ಒಂದೊಂದು ತಟ್ಟೆ ಇಡುವ ಸದ್ದೂ ಕೇಳಿತು, ಒಂದೊಂದು ಹೆಸರೂ ಕೇಳಿತು. ಹದಿನೇಳನೆಯದು ನನ್ನದು. ‘ಸೂರ್ಯನಾರಾಯಣ, ಎಪ್ಪತ್ತೊಂಬತ್ತು’ ಎಂದಿರಿ. ಸಾಹೇಬರು, ಇವನು ನಮ್ಮ ಸೂರ್ಯನಾರಾಯಣನೇ, ಸರ್ವೆ ಮಾಡಿದವನೂ ಅವನೇ, ಕರೆಯಿರಿ ಎಂದರು. ರಾಮ್‌ಪಾಲ್ ತಡಿಕೆ ಸುತ್ತಿ ಬಂದು ನನ್ನ ಮುಖ ನೋಡಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಹೋಗಿ, ‘ವೋ ತೋ ಮಾನೇಸರ್ ಗಯೇ ಹೈಂ ಸಾಬ್’, ಮಾನೇಸರ್‌ಗೆ ಹೋಗಿದ್ದಾರೆ ಎಂದ.

ಆಗ ಸಾಹೇಬರು, ನಿಮ್ಮಲ್ಲಿ ಉಂಡವನೇ ಖಾಲಿ ಎಂದು ಬರೆದಿದ್ದಾನಲ್ಲ, ಸುಳ್ಳು ಬರೆದನೇ ಎಂದು ಕೇಳಿದರು. ಹೌದು ಎಂದು ನೀವು ಒಂದೇ ಒಂದು ಮಾತು ಆಡಿದ್ದರೆ ನಿಮಗೂ ಜಾಗ ಸಿಗುತ್ತಿತ್ತು, ನನ್ನ ನೌಕರಿ ಹೋಗುತ್ತಿತ್ತು. ಆಡದಿರಲಿ ದೇವರೇ ಎಂದು ನಾನು ಬೇಡಿಕೊಂಡೆ. ಬೇಡಿಕೊಂಡೆ ಅಕ್ಕ, ಅದನ್ನು ಸುಮಿತ್ರಾಳಿಗೂ ಹೇಳಿಲ್ಲ. ನೀವು ನಿಮ್ಮ ಆ ಹಿಂದಿಯಲ್ಲಿ, ‘ನಹೀಂ ಸಾಬ್, ಹಮಾರಾ ಲಡ್ಕಾ ಝೂಠ್ ನಹೀಂ ಲಿಖ್ತಾ. ಉಸ್ ದಿನ್ ಮೈಂ ಹೀ ತಾಲಾ ಲಗಾಕೇ ಗಯೀ ಥೀ’ ಎಂದಿರಿ. ನಮ್ಮ ಹುಡುಗ ಸುಳ್ಳು ಬರೆಯುವುದಿಲ್ಲ, ಅವತ್ತು ನಾನೇ ಬೀಗ ಹಾಕಿಕೊಂಡು ಹೋಗಿದ್ದೆ. ಐವತ್ತೇಳು ವರ್ಷದವನನ್ನು ಹುಡುಗ ಎಂದಿರಿ.

ಆಮೇಲೆ ತಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದಿರಿ. ನನ್ನ ತಡಿಕೆಯ ಆಚೆಗೇ ನಿಂತು, ನನ್ನ ತಟ್ಟೆಯನ್ನು ರಾಮ್‌ಪಾಲನಿಗೆ ಕೊಟ್ಟು, ಅವನು ಬಂದ ಮೇಲೆ ಕೊಡಪ್ಪ ಎಂದಿರಿ. ಹೇಳಿ ಆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಿರಿ. ಆ ತಡಿಕೆಯ ಕೆಳಗೆ ಒಂದು ಗೇಣು ಸಂದಿ ಇದೆ ಅಕ್ಕ. ನಿಮ್ಮ ಕಾಲು ನನಗೆ ಕಂಡಿತು. ನನ್ನ ಚಪ್ಪಲಿ ನಿಮಗೆ ಕಂಡಿತೇ ಎಂದು ಕೇಳಲಿಕ್ಕೇ ನಾನು ಎರಡು ಸಲ ಫೋನು ಮಾಡಿದ್ದು.